ಮಷೀನ್ ರೂಮಿನಿಂದ: ಎಲ್ಲರೂ ಹೊಗಳಿದ್ದು ನನಗೆ ಹಿಡಿಸಲಿಲ್ಲ

ಕಳೆದ ಸಂಚಿಕೆಯಲ್ಲಿ ಓದುಗರಿಗೆ ಒಂದು ಪ್ರಶ್ನೆ ಕೇಳಿದ್ದೆ. ಊರೆಲ್ಲ ಕೊಂಡಾಡಿದ ಯಾವ ಸಿನಿಮಾ, ಯಾವ ಟಿವಿ ಕಾರ್ಯಕ್ರಮ ನಿಮಗೆ ಹಿಡಿಸಲಿಲ್ಲ, ಏಕೆ? ಪತ್ರಗಳು ರಾಶಿ ಬಂದಿವೆ. ಬಹಳ ಮಂದಿ ಕೊನೆಯಲ್ಲಿ 'ದಯವಿಟ್ಟು ಹೆಸರು ಹಾಕಬೇಡಿ' ಎಂದು ಬೇಡಿಕೊಂಡಿದ್ದಾರೆ. ಸಿನಿಮಾ ಹಿಡಿಸಲಿಲ್ಲ ಎನ್ನಲು ಜನ ಇಷ್ಟು ಹೆದರುವ ಕಾಲ ಬಂದಿರುವುದು ನನಗೆ ಬೇಸರದ ಸಂಗತಿ. ಆದ್ದರಿಂದ ಯಾರ ಹೆಸರನ್ನೂ ಹಾಕದೆ ಊರನ್ನಷ್ಟೇ ಹಾಕಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ಗದಗ ಮತ್ತು ಹುಬ್ಬಳ್ಳಿಯ ಚಿತ್ರಮಂದಿರಗಳಲ್ಲಿ ಕಾರ್ಬನ್ ಕಡ್ಡಿಯ ದೀಪದ ಕಾಲದಿಂದ ಡಿಜಿಟಲ್ ಯಂತ್ರ ಬರುವವರೆಗೆ ನಾನು ಮಷೀನ್ ರೂಮಿನಲ್ಲಿ ಪ್ರೊಜೆಕ್ಟರ್ ಓಡಿಸುವ ಆಪರೇಟರ್ ಆಗಿದ್ದೆ. ಒಂದೇ ಚಿತ್ರವನ್ನು ದಿನಕ್ಕೆ ನಾಲ್ಕು ಆಟದಂತೆ ವಾರಗಟ್ಟಲೆ ಓಡಿಸುವವನು ಕಿಟಕಿಯಿಂದ ಪರದೆಗಿಂತ ಹೆಚ್ಚಾಗಿ ಜನರನ್ನೇ ನೋಡುತ್ತಾನೆ. ಯಾವ ಹಾಡಿಗೆ ಬೀಡಿ ಸೇದಲು ಎದ್ದರು, ಯಾವ ಮಾತು ಕೇಳಿ ಹೊರಗಿದ್ದವರು ಒಳಗೆ ಓಡಿ ಬಂದರು ಎನ್ನುವುದು ಅವನಿಗೆ ಗೊತ್ತಿರುತ್ತದೆ. ನನ್ನ ಅಭಿಪ್ರಾಯಗಳೆಲ್ಲ ಅಲ್ಲಿಂದ ಬಂದವು.

ಕಾಕಾ, ನಮ್ಮ ಕಾಲೇಜಿನಲ್ಲಿ 'ಕೆಜಿಎಫ್' ಎರಡನೆಯ ಭಾಗದ ಬಗ್ಗೆ ಒಂದು ಮಾತು ಆಡುವಂತಿಲ್ಲ. ನನಗೆ ಕಿವಿ ನೋವು ಬಂತೇ ಹೊರತು ಮನಸ್ಸು ಎಲ್ಲಿಯೂ ನಿಲ್ಲಲಿಲ್ಲ. ಹೇಳಿದರೆ 'ಕನ್ನಡದ ಚಿತ್ರವನ್ನೇ ಬೈಯುತ್ತೀಯಾ' ಎಂದು ಗೆಳತಿಯರು ಮುಖ ತಿರುಗಿಸುತ್ತಾರೆ. ನಾನು ಮಾಡಿದ್ದು ತಪ್ಪೇ?
— ಪದವಿ ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ತಪ್ಪಲ್ಲ ತಂಗಿ. ಭಾಷೆಯ ಮೇಲಿನ ಪ್ರೀತಿಯನ್ನು ಒಂದು ಚಿತ್ರಕ್ಕೆ ಕಟ್ಟಿಹಾಕುವುದೇ ಸರಿಯಲ್ಲ. 2018ರ ಡಿಸೆಂಬರ್‌ನಲ್ಲಿ ಮೊದಲ ಭಾಗ ಐದು ಭಾಷೆಗಳಲ್ಲಿ ತೆರೆಕಂಡಾಗ ನನಗೂ ಹೆಮ್ಮೆಯಾಗಿತ್ತು. ಭುವನ್ ಗೌಡರ ಕ್ಯಾಮೆರಾ, ರವಿ ಬಸ್ರೂರರ ಸಂಗೀತ, ಪ್ರಶಾಂತ್ ನೀಲ್ ಕಟ್ಟಿದ ಆ ಕಪ್ಪು ಧೂಳಿನ ಲೋಕ, ಇವುಗಳಿಗೆ ಸಿಕ್ಕ ಮೆಚ್ಚುಗೆ ನ್ಯಾಯವಾದದ್ದು. ಅದರಲ್ಲಿ ಕುರುಡ ಮುದುಕನೊಬ್ಬನನ್ನು ಉಳಿಸಲು ನಾಯಕ ತಿರುಗಿ ನಿಲ್ಲುವ ಜಾಗ ಬರುತ್ತದೆ. ಅಷ್ಟು ಹೊತ್ತು ಸುಮ್ಮನಿದ್ದವನು ಅಲ್ಲಿ ಸಿಡಿಯುವುದರಿಂದ ಆ ಸಿಡಿತಕ್ಕೆ ಬೆಲೆ ಬಂದಿದೆ.

2022ರ ಏಪ್ರಿಲ್‌ನಲ್ಲಿ ಬಂದ ಎರಡನೆಯ ಭಾಗದಲ್ಲಿ ಆ ಸುಮ್ಮನಿರುವಿಕೆಯೇ ಇಲ್ಲ. ಪ್ರತಿ ದೃಶ್ಯವೂ ತಾನೇ ಕ್ಲೈಮ್ಯಾಕ್ಸ್ ಎನ್ನುವಂತೆ ಗುಡುಗುತ್ತದೆ. ನಮ್ಮ ಹಳೆಯ ಚಿತ್ರಮಂದಿರಗಳಲ್ಲಿ ಹೊಡೆದಾಟದ ರೀಲು ಬಂದಾಗ ಧ್ವನಿಯನ್ನು ನಾವು ಒಂದು ಗೆರೆ ಇಳಿಸುತ್ತಿದ್ದೆವು, ಇಲ್ಲದಿದ್ದರೆ ಸ್ಪೀಕರ್ ಒಡೆದಂತೆ ಕೇಳುತ್ತಿತ್ತು. ಈ ಚಿತ್ರಕ್ಕೆ ಎಲ್ಲಿ ಇಳಿಸಬೇಕು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಿಮ್ಮ ಕಿವಿ ನೋವಿಗೆ ಕಾರಣ ಧ್ವನಿಯ ಪ್ರಮಾಣಕ್ಕಿಂತ ಮೌನದ ಕೊರತೆ.

ಇನ್ನೊಂದು ನೋವು ನನ್ನದು. ಕೆಜಿಎಫ್ ಎಂದರೆ ಕೋಲಾರ್ ಗೋಲ್ಡ್ ಫೀಲ್ಡ್ಸ್, ಕೋಲಾರದ ಆ ಚಿನ್ನದ ಗಣಿಯ ನಿಜವಾದ ಕಥೆ ಎಷ್ಟು ದೊಡ್ಡದು! 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಅಗೆಯಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹೋದದ್ದು ಆ ಗಣಿಗೆ. ಜನ ನೆಲದೊಳಗೆ 3 ಕಿಲೋಮೀಟರ್‌ಗೂ ಆಳಕ್ಕೆ ಇಳಿದು, ಕುದಿಯುವ ಸೆಕೆಯಲ್ಲಿ ಬಂಡೆ ಕೊರೆದರು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡರು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು. ಚಿತ್ರಕ್ಕೆ ಕಲ್ಪನೆಯ ಸ್ವಾತಂತ್ರ್ಯ ಇದ್ದೇ ಇದೆ, ಅದು ಗುಲಾಮರ ಗಣಿಯೊಂದನ್ನು ಕಟ್ಟಿಕೊಳ್ಳಲಿ. ಆದರೆ ಆ ಹೆಸರನ್ನು ತೆಗೆದುಕೊಂಡ ಮೇಲೆ ಗಣಿಯ ಜನರಿಗೆ ಮುಖ ಕೊಡಬೇಕಿತ್ತು. ಎರಡನೆಯ ಭಾಗದಲ್ಲಿ ಫಾತಿಮಾ ಮತ್ತು ಅವಳ ಮಗನ ಭಾಗ ಬಿಟ್ಟರೆ ಉಳಿದವರೆಲ್ಲ ಜೈಕಾರ ಹಾಕುವ ಗುಂಪು. ನಾಯಕಿಯಾದರೋ ತನ್ನ ಇಚ್ಛೆಗೆ ವಿರುದ್ಧವಾಗಿ ಅಲ್ಲಿಗೆ ಬಂದವಳು. ಅವಳು ಅವನನ್ನು ಪ್ರೀತಿಸತೊಡಗುವುದಕ್ಕೆ ಬೇಕಾದ ದೃಶ್ಯ ಚಿತ್ರದಲ್ಲಿ ನನಗೆ ಸಿಗಲಿಲ್ಲ. ನಿಮ್ಮ ಗೆಳತಿಯರ ಜೊತೆ ಇದನ್ನು ಮಾತನಾಡಿ. 'ಚೆನ್ನಾಗಿಲ್ಲ' ಎಂದಷ್ಟೇ ಹೇಳಿದರೆ ಜಗಳವಾಗುತ್ತದೆ. ದೃಶ್ಯವನ್ನು ಹಿಡಿದು ಕೇಳಿದರೆ ಅವರೂ ದೃಶ್ಯ ಹಿಡಿದೇ ಉತ್ತರಿಸಬೇಕಾಗುತ್ತದೆ.

'ಕಾಂತಾರ' ನೋಡಿ ಬಂದವರೆಲ್ಲ ಮೈ ನಡುಗಿತು ಎನ್ನುತ್ತಾರೆ. ನನಗೂ ಕೊನೆಗೆ ನಡುಗಿತು. ಆದರೆ ಮೊದಲ ಒಂದು ಗಂಟೆ ನಾಯಕ ಆ ಹುಡುಗಿ ಲೀಲಾಳ ಸೊಂಟ ಚಿವುಟುವುದನ್ನು ನೋಡಿ ಎದ್ದು ಹೋಗಬೇಕೆನಿಸಿತ್ತು. ಈ ಮಾತು ಹೇಳಿದರೆ ದೈವಕ್ಕೇ ಅಪಮಾನ ಮಾಡಿದಂತೆ ನೋಡುತ್ತಾರೆ.
— ಗೃಹಿಣಿ, ಸಪ್ತಾಪುರ, ಧಾರವಾಡ

ಅಕ್ಕಾ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನನ್ನ ವೃತ್ತಿಯಲ್ಲಿ ನಾನು ಕಲಿತ ಮುಖ್ಯ ವಿಷಯ ನಿಮ್ಮ ಪತ್ರದಲ್ಲಿದೆ.

ಒಂದು ದೊಡ್ಡ ರೀಲು ಸುಮಾರು 20 ನಿಮಿಷ ಓಡುತ್ತಿತ್ತು. ಎರಡೂವರೆ ಗಂಟೆಯ ಚಿತ್ರಕ್ಕೆ ಏಳೆಂಟು ರೀಲು. ಎರಡು ಯಂತ್ರಗಳಿರುತ್ತಿದ್ದವು. ಪರದೆಯ ಬಲ ಮೂಲೆಯಲ್ಲಿ ಚುಕ್ಕಿ ಮಿನುಗಿದ ಕೂಡಲೇ ಎರಡನೆಯ ಯಂತ್ರ ಚಾಲೂ ಮಾಡಿ, ಇನ್ನೊಂದು ಚುಕ್ಕಿಗೆ ಬದಲಿಸಬೇಕು. ಹೀಗೆ ಚಿತ್ರವನ್ನು ತುಂಡು ತುಂಡಾಗಿ ಕೈಯಲ್ಲಿ ಹಿಡಿದವನಿಗೆ ಒಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಜನ ಮನೆಗೆ ಒಯ್ಯುವುದು ಕೊನೆಯ ರೀಲನ್ನು. ಅದು ಮೈ ಜುಮ್ಮೆನ್ನಿಸಿದರೆ ನಡುವಿನ ಮೂರು ರೀಲು ಸೋತದ್ದನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಕೊನೆಯ ರೀಲು ಕೆಟ್ಟರೆ ಅದಕ್ಕೂ ಮೊದಲು ಎಷ್ಟೇ ಚೆನ್ನಾಗಿದ್ದರೂ ಹೊರಗೆ ಬಂದು ಬೈಯುತ್ತಾರೆ. ನೀವು ನಡುವಿನ ರೀಲುಗಳನ್ನು ನೆನಪಿಟ್ಟುಕೊಂಡವರು, ಅದಕ್ಕೇ ಒಂಟಿಯಾಗಿದ್ದೀರಿ.

'ಕಾಂತಾರ'ದ ಕೊನೆಯ ಭಾಗ ದೊಡ್ಡ ಸಾಧನೆ. ರಿಷಬ್ ಶೆಟ್ಟರಿಗೆ ಅತ್ಯುತ್ತಮ ನಟ ಎಂಬ ರಾಷ್ಟ್ರಪ್ರಶಸ್ತಿ ಬಂದಾಗ ನಾನು ಖುಷಿಪಟ್ಟೆ. ಅಜನೀಶ್ ಲೋಕನಾಥರ ಸಂಗೀತ ಕೊನೆಯಲ್ಲಿ ಬರುವ ದೈವದ ಆ ಕೂಗಿಗೆ ಎದೆ ಕೊಟ್ಟಿದೆ. ಇಷ್ಟೆಲ್ಲ ಒಪ್ಪಿಕೊಂಡೇ ಹೇಳುತ್ತೇನೆ, ಲೀಲಾಳ ಪಾತ್ರಕ್ಕೆ ಅನ್ಯಾಯವಾಗಿದೆ. ಅವಳು ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿದ ಊರಿನ ಮಗಳು. ಬೇಲಿ ಹಾಕಲು ಬಂದ ಇಲಾಖೆಯ ಸಮವಸ್ತ್ರ ಅವಳ ಮೈಮೇಲಿದೆ, ಬೇಲಿಯ ಆಚೆ ನಿಂತವರು ಅವಳ ಬಂಧುಗಳು. ಇಡೀ ಚಿತ್ರದ ಸಂಕಟವನ್ನು ಒಂದೇ ಮೈಯಲ್ಲಿ ಹೊತ್ತವಳು ಅವಳೊಬ್ಬಳೇ. ಅಂಥವಳನ್ನು ಮೊದಲು ಚಿವುಟಿಸಿಕೊಳ್ಳುವ ಹುಡುಗಿ ಮಾಡಿ, ಆಮೇಲೆ ಕ್ಷಮೆ ಕೇಳುವ ಹುಡುಗಿ ಮಾಡಿದರು. ಅವಳ ಬಾಯಿಂದ ಒಂದು ಪೂರ್ಣ ದೃಶ್ಯ ಮಾತನಾಡಿಸಿದ್ದರೆ ಆ ಕೊನೆಯ ಕೂಗಿನ ತೂಕ ಇನ್ನೂ ಹೆಚ್ಚುತ್ತಿತ್ತು. ದೈವದ ಮೇಲೆ ಭಕ್ತಿ ಇರಲಿ, ಅದು ಚಿತ್ರಕಥೆಯ ಕೊರತೆಗೆ ರಕ್ಷಣೆ ಆಗಬಾರದು.

'ಬಂಗಾರದ ಮನುಷ್ಯ' ನೋಡಿ ಯುವಕರು ಊರಿಗೆ ಮರಳಿ ಬೇಸಾಯ ಹಿಡಿದರು ಎಂದು ಎಲ್ಲ ವೇದಿಕೆಯಲ್ಲೂ ಹೇಳುತ್ತಾರೆ. ನಾನು ಎರೆ ಹೊಲದಲ್ಲಿ ಜೋಳ, ಕಡಲೆ ಬೆಳೆಯುವವನು. ನನಗೆ ನಾಯಕ ರಾಜೀವ ಕೊನೆಗೆ ಹೊಲ ಬಿಟ್ಟು ನಡೆದದ್ದು ಸರಿ ಕಾಣಲಿಲ್ಲ. ಅಣ್ಣಾವ್ರ ಚಿತ್ರದ ಬಗ್ಗೆ ಹೀಗೆ ಬರೆಯಬಹುದೇ?
— ರೈತ, ರೋಣ ತಾಲ್ಲೂಕು, ಗದಗ ಜಿಲ್ಲೆ

ಬರೆಯಬಹುದು ಅಣ್ಣಾವರೇ, ಬರೆಯಲೇಬೇಕು. ಈ ಚಿತ್ರದ ಬಗ್ಗೆ ರೈತರ ಅಭಿಪ್ರಾಯವನ್ನು ಕೇಳುವ ಬದಲು ರೈತರ ಹೆಸರಿನಲ್ಲಿ ಭಾಷಣ ಮಾಡುವವರೇ ಹೆಚ್ಚು.

1972ರ ಚಿತ್ರ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ನಾನು ಅದನ್ನು ಓಡಿಸಿದ್ದು ಬಹಳ ಕಾಲದ ನಂತರ, ಮರುಬಿಡುಗಡೆಯಲ್ಲಿ, ಗೀಚು ಬಿದ್ದ ಪ್ರಿಂಟಿನಲ್ಲಿ. ಬಂಡೆ ಒಡೆದು ಬರಡು ನೆಲ ಹಸನು ಮಾಡುವ ರೀಲು ಬಂದಾಗ ಗಾಂಧಿ ಕ್ಲಾಸಿನಲ್ಲಿ ಕುಳಿತಿದ್ದವರು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಹಾಡಿಗೆ ಒಬ್ಬರೂ ಏಳುತ್ತಿರಲಿಲ್ಲ. ಬಾಲಕೃಷ್ಣ ಅವರ ರಾಚೂಟಪ್ಪ ಬಂದರೆ ಇಡೀ ಚಿತ್ರಮಂದಿರ ಹಗುರಾಗುತ್ತಿತ್ತು. ಈ ಚಿತ್ರ ದೊಡ್ಡದಾಗಿರುವುದು ಆ ಭಾಗದಿಂದ.

ಆದರೆ ಕೊನೆ? ಭಾವ ಗುಟ್ಟಾಗಿ ಇಟ್ಟಿದ್ದ ಇನ್ನೊಂದು ಸಂಸಾರವನ್ನು ರಾಜೀವ ಸಾಕುತ್ತಾನೆ, ಆ ವಿಷಯ ಯಾರಿಗೂ ಹೇಳುವುದಿಲ್ಲ. ಸೋದರಳಿಯ ಅವನ ಶೀಲದ ಮೇಲೆಯೇ ಸಂಶಯಪಟ್ಟಾಗಲೂ ಬಾಯಿ ಬಿಡುವುದಿಲ್ಲ. ಮನೆ ಬಿಟ್ಟು ನಡೆಯುತ್ತಾನೆ. ನಾವು ಇದನ್ನು ತ್ಯಾಗ ಎಂದು ಕರೆದು ಕಣ್ಣೊರೆಸಿಕೊಂಡೆವು. ನೀವು ರೈತರಾಗಿ ಬೇರೆ ಪ್ರಶ್ನೆ ಕೇಳಿದ್ದೀರಿ. ಮುಂದಿನ ಹಂಗಾಮಿಗೆ ಬಿತ್ತುವವರು ಯಾರು? ಹೊಲವನ್ನು ನಂಬಿದ ಆಳುಗಳ ಗತಿ ಏನು? ಅಕ್ಕನ ಸಂಕಟ ಏನು? ಆ ಮನುಷ್ಯ ಬಂಡೆಯ ಜೊತೆ ಹೋರಾಡಿದ ಹಟದ ಒಂದು ಪಾಲನ್ನು ಮನೆಯವರ ಜೊತೆ ಮಾತನಾಡಲು ಇಟ್ಟಿದ್ದರೆ ಸಾಕಿತ್ತು. ನಮ್ಮ ಕಡೆ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯಗಳು ಎಷ್ಟೋ ಮನೆಗಳಲ್ಲಿ ಹೀಗೇ, ಹಿರಿಯರೊಬ್ಬರು ಸಿಟ್ಟಿನಿಂದ ಬಾಯಿ ಮುಚ್ಚಿಕೊಂಡಿದ್ದರಿಂದ ಬೆಳೆದವು. ಆ ಮೌನವನ್ನು ಚಿನ್ನ ಎಂದು ಕಲಿಸಿದ ಚಿತ್ರವನ್ನು ನಾನು ಪ್ರೀತಿಸುತ್ತಲೇ ಈ ಒಂದು ಕಡೆ ಒಪ್ಪುವುದಿಲ್ಲ. ರಾಜಕುಮಾರ್ ಅವರ ಅಭಿನಯಕ್ಕೆ ಇದರಿಂದ ಕೂದಲೆಳೆಯಷ್ಟೂ ಕುಂದಿಲ್ಲ. ಅವರು ಅಷ್ಟು ಚೆನ್ನಾಗಿ ನಡೆದು ಹೋದದ್ದಕ್ಕೇ ನಾವು ಈ ಪ್ರಶ್ನೆ ಕೇಳಲು ಮರೆತೆವು.

ಸಾವಿರ ಕೋಟಿ ಗಳಿಸಿದ ಚಿತ್ರ ಕೆಟ್ಟದಾಗಿರಲು ಹೇಗೆ ಸಾಧ್ಯ? ಜನ ದಡ್ಡರೇ?
— ಮೊಬೈಲ್ ಅಂಗಡಿಯ ಯುವಕ, ಗದಗ

ಜನ ದಡ್ಡರಲ್ಲ ತಮ್ಮಾ, ಲೆಕ್ಕ ಬೇರೆ. ಪೋಸ್ಟರ್ ಮೇಲೆ ಹಾಕುವ ಕೋಟಿ ಸಾಮಾನ್ಯವಾಗಿ ಜಗತ್ತಿನಾದ್ಯಂತ ಮಾರಾಟವಾದ ಟಿಕೆಟ್‌ಗಳ ಒಟ್ಟು ಮೊತ್ತ. ಅದರಲ್ಲಿ ಸರ್ಕಾರದ ತೆರಿಗೆ ಹೋಗಬೇಕು. ಈಗ 100 ರೂಪಾಯಿ ಮೀರಿದ ಟಿಕೆಟ್‌ಗೆ ಶೇಕಡ 18 ಜಿಎಸ್‌ಟಿ ಇದೆ, 100 ಅಥವಾ ಅದಕ್ಕಿಂತ ಕಡಿಮೆ ಇದ್ದರೆ 2025ರ ಸೆಪ್ಟೆಂಬರ್‌ನಿಂದ ಶೇಕಡ 5. ಆಮೇಲೆ ಚಿತ್ರಮಂದಿರದ ಪಾಲು, ಹಂಚಿಕೆದಾರರ ಪಾಲು. ನಿರ್ಮಾಪಕರ ಕೈಗೆ ಬರುವುದು ಪೋಸ್ಟರ್ ಮೇಲಿನ ಸಂಖ್ಯೆಗಿಂತ ಬಹಳ ಕಡಿಮೆ.

ಹಿಂದೆ ಪ್ರಿಂಟುಗಳೇ ಕಡಿಮೆ. ಬೆಂಗಳೂರಿನಲ್ಲಿ ಓಡಿದ ಚಿತ್ರ ಹುಬ್ಬಳ್ಳಿಗೆ ಬರಬೇಕು, ಅಲ್ಲಿಂದ ಗದಗಿಗೆ, ಅಲ್ಲಿಂದ ಹಳ್ಳಿಯ ಟೂರಿಂಗ್ ಟಾಕೀಸಿಗೆ. ಕೆಲವೊಮ್ಮೆ ಒಂದೇ ಪ್ರಿಂಟಿನಲ್ಲಿ ಎರಡು ಚಿತ್ರಮಂದಿರ ನಡೆಸುತ್ತಿದ್ದೆವು. ಇಲ್ಲಿ ಓಡಿ ಮುಗಿದ ರೀಲನ್ನು ಹುಡುಗ ಸೈಕಲ್ ಮೇಲೆ ಇಟ್ಟುಕೊಂಡು ಅಲ್ಲಿಗೆ ಓಡಬೇಕು. ಚಿತ್ರ ಗದಗಿಗೆ ಬರುವ ಹೊತ್ತಿಗೆ ಅದರ ಗುಣ ಅವಗುಣ ಎರಡೂ ಬಸ್ಸಿನಲ್ಲಿ, ಸಂತೆಯಲ್ಲಿ ಚರ್ಚೆಯಾಗಿರುತ್ತಿತ್ತು. ಅಷ್ಟಾಗಿಯೂ ಜನ ಬಂದರೆ ಅದು ಚಿತ್ರದ ಬಲ. ಈಗ ಎಲ್ಲ ಪರದೆಯ ಮೇಲೂ ಒಂದೇ ದಿನ ಬಿಡುಗಡೆ. ಬಾಯಿಮಾತು ಹರಡುವ ಮೊದಲೇ ಮೊದಲ ವಾರಾಂತ್ಯದ ಟಿಕೆಟ್ ಮಾರಾಟವಾಗಿರುತ್ತದೆ, ಅದೂ ಏರಿಸಿದ ದರದಲ್ಲಿ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್‌ಗೆ 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಆದ್ದರಿಂದ ಮೊದಲ ಮೂರು ದಿನದ ಕೋಟಿಯನ್ನು ಪ್ರಚಾರದ ಅಳತೆ ಎಂದು ತಿಳಿಯಿರಿ. ಚಿತ್ರದ ಅಳತೆ ಬೇಕಿದ್ದರೆ ಮೂರನೆಯ ವಾರದ ಮಂಗಳವಾರದ ಮ್ಯಾಟಿನಿಗೆ ಹೋಗಿ ಕುಳಿತುಕೊಳ್ಳಿ.

ನಮ್ಮ ಜಿಲ್ಲೆಯ ಹನುಮಂತ 'ಬಿಗ್ ಬಾಸ್' ಗೆದ್ದಾಗ ನಮ್ಮೂರಿನಲ್ಲಿ ಪಟಾಕಿ ಹೊಡೆದರು. ನನಗೂ ಆ ಹುಡುಗನೆಂದರೆ ಅಕ್ಕರೆ. ಆದರೆ ಆ ಕಾರ್ಯಕ್ರಮ ಎಂದರೆ ಆಗುವುದಿಲ್ಲ. ಇದು ಹೊಟ್ಟೆಕಿಚ್ಚು ಎಂದು ಮಗ ಹೇಳುತ್ತಾನೆ.
— ಅಂಗನವಾಡಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ

ಹೊಟ್ಟೆಕಿಚ್ಚಲ್ಲ ತಾಯಿ. ಮನುಷ್ಯನನ್ನು ಮೆಚ್ಚಿ, ಅವನು ನಿಂತ ವೇದಿಕೆಯನ್ನು ಒಪ್ಪದಿರಬಹುದು. ಸವಣೂರು ತಾಲ್ಲೂಕಿನ ಕುರಿ ಕಾಯುವ ಹುಡುಗ ಹಾಡಿನ ಸ್ಪರ್ಧೆಯಿಂದ ಹೆಸರಾಗಿ, 2025ರ ಜನವರಿಯಲ್ಲಿ ಆ ಪ್ರಶಸ್ತಿಯನ್ನೂ ಗೆದ್ದದ್ದು ಅವನ ದುಡಿಮೆ. ಅದನ್ನು ಯಾರೂ ಕಸಿಯಲಾರರು.

ಕಾರ್ಯಕ್ರಮದ ಬಗೆಯನ್ನು ಸ್ವಲ್ಪ ಹೇಳುತ್ತೇನೆ. ಇದರ ಮೂಲ 1999ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಶುರುವಾದ 'ಬಿಗ್ ಬ್ರದರ್'. ಕನ್ನಡಕ್ಕೆ ಬಂದದ್ದು 2013ರಲ್ಲಿ. ಮನೆಯೊಳಗೆ ಹಗಲು ರಾತ್ರಿ ಕ್ಯಾಮೆರಾ ಓಡುತ್ತದೆ, ನಮಗೆ ತೋರಿಸುವುದು ಒಂದೂವರೆ ಗಂಟೆಯಷ್ಟು. ಉಳಿದ 22ಕ್ಕೂ ಹೆಚ್ಚು ಗಂಟೆ ಸಂಕಲನದ ಮೇಜಿನ ಮೇಲೆ ಬಿದ್ದಿರುತ್ತದೆ. ಇಬ್ಬರು ಬೆಳಗಿನಿಂದ ನಗುತ್ತಾ ಅಡುಗೆ ಮಾಡಿ ಸಂಜೆ ಎರಡು ನಿಮಿಷ ಜಗಳವಾಡಿದರೆ ನಮಗೆ ಸಿಗುವುದು ಆ ಎರಡು ನಿಮಿಷ, ಅದರ ಹಿಂದೆ ಢಂ ಎನ್ನುವ ಸಂಗೀತ. ಫಿಲ್ಮ್ ಕತ್ತರಿಸಿ ಅಂಟಿಸಿದ ಕೈ ನನ್ನದು. ತುಂಡಾದ ಪ್ರಿಂಟಿನಲ್ಲಿ ನಾಲ್ಕು ಅಡಿ ಹೋದರೂ ಪಾತ್ರದ ಮುಖಭಾವ ಬದಲಾದಂತೆ ಕಾಣುತ್ತದೆ ಎನ್ನುವುದು ನನಗೆ ಗೊತ್ತು. ಆದ್ದರಿಂದ ಅಲ್ಲಿ ಕಂಡ ವ್ಯಕ್ತಿಯನ್ನು ನೋಡಿ ಬೀದಿಯಲ್ಲಿ ಅವನ ತಾಯಿಯನ್ನು ಬೈಯುವವರನ್ನು ಕಂಡಾಗ ಮೈ ಉರಿಯುತ್ತದೆ.

ಹಾಡಿನ ಸ್ಪರ್ಧೆಗಳಲ್ಲಿಯೂ ನನಗೆ ಒಂದು ದೂರು ಇದೆ. ಹಳ್ಳಿಯಿಂದ ಬಂದವರು ಹಾಡುವುದಕ್ಕೆ ಮೊದಲು ಅವರ ಮನೆಯ ಸೋರುವ ಮಾಳಿಗೆಯನ್ನು, ಅವರ ತಾಯಿಯ ಕಣ್ಣೀರನ್ನು ತೋರಿಸುತ್ತಾರೆ. ಪಟ್ಟಣದ ಹುಡುಗಿ ಹಾಡಲು ನಿಂತರೆ ಅವಳ ಗುರು ಯಾರು ಎಂದು ಕೇಳುತ್ತಾರೆ. ನಮ್ಮವರಿಗೂ ಗುರುಗಳಿದ್ದಾರೆ! ಶಿಶುನಾಳದ ಜಾತ್ರೆಯಲ್ಲಿ ಭಜನೆ ಮೇಳ ಕೂತರೆ ಬೆಳಗಾಗುವವರೆಗೆ ಷರೀಫ ಸಾಹೇಬರ ಪದ ನಡೆಯುತ್ತವೆ. ದಮ್ಮಡಿಯವನು, ಏಕತಾರಿಯವನು, ಹಿಂದೆ ಸೊಲ್ಲು ಹಿಡಿಯುವವನು, ಎಲ್ಲರೂ ಕಲಿತು ಬಂದವರು. ಆ ಕಲಿಕೆಯನ್ನು ಕೇಳದೆ ಬಡತನವನ್ನಷ್ಟೇ ಕೇಳುವುದು ನಮ್ಮ ಕಲೆಗೆ ಮಾಡುವ ಅವಮಾನ. ನಿಮ್ಮ ಮಗನಿಗೆ ಈ ಭಾಗವನ್ನು ಓದಿ ಹೇಳಿ.

'ಗೇಮ್ ಆಫ್ ಥ್ರೋನ್ಸ್' ಜಗತ್ತಿನ ಶ್ರೇಷ್ಠ ಧಾರಾವಾಹಿ ಎನ್ನುತ್ತಾರೆ. ಕೊನೆಗೆ ಬಂದು ನನಗೆ ಮೋಸ ಹೋದಂತಾಯಿತು.
— ಸ್ನಾತಕೋತ್ತರ ವಿದ್ಯಾರ್ಥಿ, ಧಾರವಾಡ

ನಿಮ್ಮದು ಈಗ ಒಂಟಿ ಅಭಿಪ್ರಾಯವಲ್ಲ. ಮೊಮ್ಮಗನ ಜೊತೆ ಕುಳಿತು ನಾನೂ ನೋಡಿದೆ. ಒಟ್ಟು 73 ಕಂತು. ಮೊದಲ ಆರು ಸರಣಿಗಳಲ್ಲಿ ಹತ್ತು ಹತ್ತು ಕಂತು, ಏಳನೆಯದರಲ್ಲಿ ಏಳು, 2019ರ ಕೊನೆಯದರಲ್ಲಿ ಆರು. ಮೂಲ ಕಾದಂಬರಿಗಳು ಮುಗಿಯುವ ಮೊದಲೇ ಧಾರಾವಾಹಿ ಅವುಗಳನ್ನು ದಾಟಿ ಹೋಯಿತು. ಮೊದಲ ಸರಣಿಗಳಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗಲು ಎಷ್ಟೋ ಕಂತು ಬೇಕಾಗುತ್ತಿತ್ತು, ಆ ದಾರಿಯಲ್ಲಿಯೇ ಪಾತ್ರಗಳು ಬೆಳೆಯುತ್ತಿದ್ದವು. ಕೊನೆಗೆ ದಾರಿಯೇ ಮಾಯವಾಯಿತು. ಅಷ್ಟು ವರ್ಷ ಬೆಳೆಸಿದ ರಾಣಿ ಒಂದು ಕಂತಿನಲ್ಲಿ ಊರು ಸುಡುವವಳಾದಳು. ಅದು ಆಗಬಾರದ ಘಟನೆ ಎಂದು ನಾನು ಹೇಳುವುದಿಲ್ಲ, ಅಲ್ಲಿಗೆ ಹೋಗುವ ಹೆಜ್ಜೆಗಳು ಬೇಕಿದ್ದವು. ಈಗ ಎಲ್ಲರೂ ಇಡೀ ಧಾರಾವಾಹಿಯನ್ನೇ ಬೈಯುತ್ತಾರೆ. ಮೇಲೆ ಹೇಳಿದ ಕೊನೆಯ ರೀಲಿನ ಮಾತು ಇಲ್ಲಿಯೂ ನಿಜ. ಮೊದಲ ನಾಲ್ಕು ಸರಣಿಗಳ ಗೌರವ ಹಾಗೆಯೇ ಉಳಿಯಬೇಕು ಎನ್ನುವುದು ನನ್ನ ಪಕ್ಷ.

ನಾನು ಆಟೋ ಓಡಿಸುವವನು. ಎಲ್ಲರೂ ಬಿದ್ದು ಬಿದ್ದು ನಕ್ಕ ಒಂದು ಚಿತ್ರದಲ್ಲಿ ನನಗೆ ನಗು ಬರಲಿಲ್ಲ. ಏಕೆಂದರೆ ಅದರಲ್ಲಿ ನಮ್ಮ ಕಡೆಯ ಮಾತು ಆಡುವವನು ಪೆದ್ದ. ಚಿತ್ರದ ಹೆಸರು ಬೇಡ, ಅಂಥವು ಬಹಳ ಇವೆ. ನಾನು ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡೆನೇ?
— ಹಳೇ ಹುಬ್ಬಳ್ಳಿ

ಅಣ್ಣಾ, ಬಂದ ಪತ್ರಗಳಲ್ಲಿ ನನ್ನ ಎದೆಗೆ ತಾಗಿದ್ದು ನಿಮ್ಮದು. ನಾನು ವರ್ಷಗಟ್ಟಲೆ ಮಷೀನ್ ರೂಮಿನಲ್ಲಿ ನಿಂತು ಇದೇ ಸಿಟ್ಟನ್ನು ನುಂಗಿದ್ದೇನೆ. ನಮ್ಮ ಕಡೆಯವರು ಪರದೆಯ ಮೇಲೆ ಬಂದರೆ ಕಾವಲುಗಾರ, ಅಡುಗೆಯವನು, ಮೀಸೆಯ ಪೈಲ್ವಾನ, ಇಲ್ಲವೇ ನಾಯಕನ ಕೈಲಿ ಒದೆ ತಿನ್ನುವ ರೌಡಿ. ಬಾಯಿ ತೆರೆದರೆ ಪ್ರತಿ ಮಾತಿನ ಕೊನೆಗೆ ಒಂದು 'ರೀ', ಕೈಯಲ್ಲಿ ಒಂದು ಜೋಳದ ರೊಟ್ಟಿ. ನಾಯಕ ಮಾತ್ರ ಹುಬ್ಬಳ್ಳಿಯವನೇ ಆಗಿದ್ದರೂ ಬೆಂಗಳೂರಿನ ಕನ್ನಡ ಆಡುತ್ತಾನೆ. ಪ್ರೀತಿಯ ಮಾತು ನಮ್ಮ ಕನ್ನಡದಲ್ಲಿ ಬರುವುದಿಲ್ಲ ಎಂದು ಇವರು ಯಾವಾಗ ತೀರ್ಮಾನಿಸಿದರು?

ನಮ್ಮ ಮಾತು ಒಂದೇ ಬಗೆಯದೂ ಅಲ್ಲ. ಧಾರವಾಡದ ಮಾಳಮಡ್ಡಿಯ ಮನೆಗಳಲ್ಲಿ ಒಂದು ಲಯ, ಹಳೇ ಹುಬ್ಬಳ್ಳಿಯ ಮುಸ್ಲಿಮರ ಕನ್ನಡಕ್ಕೆ ಇನ್ನೊಂದು. ಗದಗಿನಿಂದ ಮುಂಡರಗಿಯ ಕಡೆ ಹೊರಟರೆ ಒಂದು ಬಗೆ, ರಾಣೆಬೆನ್ನೂರು ದಾಟಿದರೆ ದಾವಣಗೆರೆಯ ಮಾತು ಬೆರೆಯತೊಡಗುತ್ತದೆ. ಇದನ್ನೆಲ್ಲ ಒಂದು 'ರೀ'ಯಲ್ಲಿ ಮುಗಿಸುವುದು ಸೋಮಾರಿತನ. ಈ ನೆಲದಲ್ಲಿ ಏಣಗಿ ಬಾಳಪ್ಪನವರಂಥ ನಟರು ಕಂಪನಿ ನಾಟಕ ಕಟ್ಟಿ ಊರೂರು ತಿರುಗಿದ್ದಾರೆ. ನಗಿಸುವುದೂ ಅಳಿಸುವುದೂ ನಮ್ಮ ಮಾತಿಗೆ ಹೊಸದಲ್ಲ.

ಗೌರವದಿಂದ ಮಾಡಿದವರೂ ಇದ್ದಾರೆ. 1990ರಲ್ಲಿ ನಾಗಾಭರಣರು ಶಿಶುನಾಳ ಷರೀಫರ ಚಿತ್ರ ಮಾಡಿದಾಗ ಶ್ರೀಧರ್ ಷರೀಫರಾದರು, ಕಾರ್ನಾಡರು ಗುರು ಗೋವಿಂದ ಭಟ್ಟರಾದರು, ಸಿ. ಅಶ್ವತ್ಥ್ ಹಾಡು ಕಟ್ಟಿದರು. 1995ರಲ್ಲಿ ಗದಗಿನ ಪಂಚಾಕ್ಷರಿ ಗವಾಯಿಗಳ ಚಿತ್ರ ಬಂತು, ಅದರ ಸಂಗೀತಕ್ಕೆ ಹಂಸಲೇಖರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಸಾಮಾನ್ಯವಾಗಿ ಹಾಡು ಬಂದರೆ ಗಿರ್ಮಿಟ್ ತಿನ್ನಲು ಹೊರಗೆ ಹೋಗುವ ಜನ ಆ ಚಿತ್ರಗಳ ಹಾಡಿಗೆ ಕದಲಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ನೀವು ಮನಸ್ಸಿಗೆ ಹಚ್ಚಿಕೊಂಡದ್ದು ಸರಿ. ಮುಂದಿನ ಸಲ ಅಂಥ ಚಿತ್ರ ನೋಡಿದಾಗ ಜೊತೆಗಿದ್ದವರಿಗೆ ಜೋರಾಗಿಯೇ ಹೇಳಿ. ಹುಬ್ಬಳ್ಳಿಯಲ್ಲಿ ಟಿಕೆಟ್ ಕೊಂಡು ನಗುವವರು ನಾವೇ ಆಗಿರುವಾಗ, ನಾವು ನಗುವುದು ನಿಲ್ಲಿಸಿದ ದಿನ ಬೆಂಗಳೂರಿನಲ್ಲಿ ಬರೆಯುವವರು ಬೇರೆ ಬರೆಯುತ್ತಾರೆ.

ಎಲ್ಲರಿಗೂ ಉತ್ತರ ಹೇಳುತ್ತೀರಿ. ಎಲ್ಲರೂ ಮೆಚ್ಚಿದ ಯಾವ ಚಿತ್ರ ನಿಮಗೆ ಹಿಡಿಸಲಿಲ್ಲ?
— ಬ್ಯಾಂಕ್ ಉದ್ಯೋಗಿ, ಬೆಟಗೇರಿ

'ಮುಂಗಾರು ಮಳೆ'. 2006ರ ಡಿಸೆಂಬರ್ ಕೊನೆಯಲ್ಲಿ ಬಂತು. ಅದನ್ನು ನಾನು ಎಷ್ಟು ಓಡಿಸಿದೆನೆಂದರೆ ಮಾತುಗಳೆಲ್ಲ ಬಾಯಿಪಾಠ. ಮನೋಮೂರ್ತಿಯವರ ರಾಗ, ಜಯಂತ ಕಾಯ್ಕಿಣಿಯವರ ಸಾಲುಗಳು, ಎಸ್. ಕೃಷ್ಣ ಹಿಡಿದ ಜೋಗದ ಮಳೆ ಇವುಗಳನ್ನು ಬೈಯುವವನಲ್ಲ ನಾನು. ಗಣೇಶ್ ಅವರ ವಟಗುಟ್ಟುವ ಮಾತಿಗೆ ಬಾಲ್ಕನಿ, ಬೆಂಚು ಎರಡೂ ನಕ್ಕವು.

ನನಗೆ ಒಪ್ಪಿಗೆಯಾಗದ್ದು ಕೊನೆಯ ತೀರ್ಮಾನ. ನಾಯಕಿ ನಂದಿನಿ ತನ್ನ ಮನಸ್ಸನ್ನು ತಿಳಿಸಿದ್ದಾಳೆ. ನಾಯಕ ಪ್ರೀತಮ್ ಅವಳ ತಾಯಿತಂದೆಯ ಮಾನ, ಮದುವೆಯಾಗಲಿರುವ ಹುಡುಗನ ಒಳ್ಳೆಯತನ ಇವುಗಳನ್ನೆಲ್ಲ ತೂಗಿ, ಅವಳನ್ನು ಬಿಟ್ಟುಕೊಡುವುದೇ ದೊಡ್ಡ ಗುಣ ಎಂದುಕೊಳ್ಳುತ್ತಾನೆ. ತೂಗುವವನು ಅವನೊಬ್ಬನೇ. ಬದುಕು ಅವಳದು, ನಿರ್ಧಾರ ಅವನದು, ಕಣ್ಣೀರು ನಮ್ಮದು. ಚಿತ್ರ ಮುಗಿದು ಜನ ಮೆಟ್ಟಿಲು ಇಳಿಯುವಾಗ ಎಲ್ಲರ ಬಾಯಲ್ಲಿ ಪ್ರೀತಮ್‌ನ ದುಃಖ ಮತ್ತು ಅವನ ಜೊತೆಗಿದ್ದು ಸತ್ತ ಮೊಲದ ಮಾತು. ನಂದಿನಿಯ ಪಾಡು ಏನಾಯಿತು ಎಂದು ಒಬ್ಬರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಆಗ ನನ್ನ ಮಗಳಿಗೆ ಮದುವೆಯ ವಯಸ್ಸು. ನಾನು ಈ ಮಾತನ್ನು ಮನೆಯಲ್ಲಿ ಎತ್ತಿದಾಗ ಅವಳು, 'ಅಪ್ಪಾ, ಯಾರಾದರೂ ನನ್ನನ್ನು ತ್ಯಾಗ ಮಾಡುವ ಮೊದಲು ನನ್ನನ್ನು ಕೇಳಲಿ' ಎಂದಳು. ಅಂದಿನಿಂದ ಆ ಚಿತ್ರವನ್ನು ಬೇರೆ ರೀತಿ ನೋಡಲು ನನಗೆ ಆಗಿಲ್ಲ.

ನನ್ನ ಅಣ್ಣ ಒಬ್ಬ ನಟರ ಅಭಿಮಾನಿ ಸಂಘದಲ್ಲಿದ್ದಾನೆ. ಆ ನಟರ ಹೊಸ ಚಿತ್ರ ಚೆನ್ನಾಗಿಲ್ಲ ಎಂದಿದ್ದಕ್ಕೆ ಮಾತು ಬಿಟ್ಟಿದ್ದಾನೆ. ಏನು ಮಾಡಲಿ?
— ಐಟಿಐ ವಿದ್ಯಾರ್ಥಿ, ರಾಣೆಬೆನ್ನೂರು

ತಮ್ಮಾ, ಅಭಿಮಾನಿಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮುಂಜಾನೆ ಐದಕ್ಕೆ ಬಂದು ಕಟೌಟಿಗೆ ಹೂವಿನ ಹಾರ ಏರಿಸುವವರು, ಚಿತ್ರಮಂದಿರದ ಅಂಗಳ ತಾವೇ ಗುಡಿಸಿದವರು. ನಿಮ್ಮ ಅಣ್ಣ ತನ್ನ ದುಡಿಮೆಯ ಹಣ, ನಿದ್ದೆ ಎರಡನ್ನೂ ಆ ನಟರಿಗೆ ಕೊಟ್ಟಿದ್ದಾನೆ. ಚಿತ್ರ ಕೆಟ್ಟದ್ದು ಎಂದರೆ ಅವನಿಗೆ ಅದು ತನ್ನ ಶ್ರಮವನ್ನೇ ಹಳಿದಂತೆ ಕೇಳುತ್ತದೆ. ಅಭಿಪ್ರಾಯವನ್ನು ಹಿಂತೆಗೆದುಕೊಳ್ಳಬೇಡಿ, ಅದರ ಅಗತ್ಯವಿಲ್ಲ. ಅದೇ ನಟರ ಹಳೆಯ ಚಿತ್ರಗಳಲ್ಲಿ ನಿಮಗೆ ನಿಜವಾಗಿ ಇಷ್ಟವಾದದ್ದು ಒಂದಾದರೂ ಇದ್ದೇ ಇರುತ್ತದೆ. ಈ ಭಾನುವಾರ ಅದನ್ನು ಮನೆಯಲ್ಲಿ ಹಾಕಿ, ಎರಡು ಪ್ಲೇಟ್ ಮಿರ್ಚಿ ಭಜಿ ತಂದಿಡಿ, ಅಣ್ಣನನ್ನು ಕರೆಯಿರಿ. ಯಾವ ದೃಶ್ಯದಲ್ಲಿ ಆ ನಟರು ನಿಮ್ಮನ್ನು ಗೆದ್ದರು ಎನ್ನುವುದನ್ನು ಮೊದಲು ಹೇಳಿ. ಹೊಸ ಚಿತ್ರದಲ್ಲಿ ಅದು ಎಲ್ಲಿ ಕಾಣಲಿಲ್ಲ ಎನ್ನುವ ಮಾತನ್ನು ಅವನೇ ಎತ್ತುವವರೆಗೆ ಕಾಯಿರಿ. ಏನಾಯಿತು ಎಂದು ನನಗೆ ಬರೆಯಿರಿ.